ಕದ್ರಿಯಿಂದ ಹೊರಡುವ ಮುನ್ನ

ಶಿವರಾತ್ರಿ ಹತ್ತಿರವಾದಂತೆ ಧರ್ಮಸ್ಥಳಕ್ಕೆ ನಡೆದು ಬರುವವರ ದೊಡ್ಡ ಸಾಲು ಇಳಿಯುವುದು ಘಟ್ಟದ ಮೇಲಿನಿಂದ. ಬೆಂಗಳೂರು, ತುಮಕೂರು, ಹಾಸನ, ಚಿಕ್ಕಮಗಳೂರು ಕಡೆಯ ಜನ ಬೆನ್ನಿಗೊಂದು ಚೀಲ ಏರಿಸಿ, ಕಾಲಿಗೆ ಹವಾಯಿ ಚಪ್ಪಲಿ ಮೆಟ್ಟಿ ಚಾರ್ಮಾಡಿ ಇಳಿಯುತ್ತಾರೆ. ಹಾಸನದಲ್ಲಿ ಓದಿದ ನಮ್ಮ ಗುಂಪಿಗೂ ನ್ಯಾಯವಾಗಿ ಅದೇ ದಾರಿ. ಆದರೆ 1994ರಲ್ಲೂ, ಮೂವತ್ತು ವರ್ಷ ಬಿಟ್ಟು 2024ರಲ್ಲೂ ನಾವು ನಡೆದದ್ದು ಎದುರು ದಿಕ್ಕಿನಿಂದ, ಮಂಗಳೂರಿನಿಂದ.

ಇದಕ್ಕೆ ಕಾರಣ ನಮ್ಮ ಪುತ್ತೂರಿನವನು. ನಮ್ಮ ಜೊತೆ ಬಿ.ಕಾಂ. ಮುಗಿಸಿ ಮಂಗಳೂರಿನ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿ ಸೇರಿಕೊಂಡಿದ್ದ. "ಮಂಜುನಾಥನೇ ಹೋದ ದಾರಿ ಇಲ್ಲಿಂದ ಉಂಟು. ನೀವು ಎಂತಕ್ಕೆ ಘಟ್ಟ ಇಳಿಯುವುದು ಮಾರಾಯ್ರೆ?" ಎಂದು ಕಾಗದ ಬರೆದಿದ್ದ. ಧರ್ಮದೈವಗಳ ಅಪ್ಪಣೆಯಂತೆ ಅಣ್ಣಪ್ಪ ಕದ್ರಿಯಿಂದ ಮಂಜುನಾಥನ ಲಿಂಗ ತಂದ ಎಂಬುದು ಧರ್ಮಸ್ಥಳದ ಐತಿಹ್ಯ. 16ನೇ ಶತಮಾನದಲ್ಲಿ ಸೋದೆಯ ವಾದಿರಾಜರು ಬಂದು ಶಾಸ್ತ್ರೋಕ್ತವಾಗಿ ಪ್ರತಿಷ್ಠೆ ಮಾಡಿದ ಮೇಲೆ ಕುಡುಮ ಎಂಬ ಹಳ್ಳಿ ಧರ್ಮಸ್ಥಳವಾಯಿತು ಎನ್ನುತ್ತಾರೆ. ಕದ್ರಿಯಿಂದ ಲಿಂಗ ತರುವುದು ಅಣ್ಣಪ್ಪ ಬೆಳಗಾಗುವುದರೊಳಗೆ ಮುಗಿಸಿದ ಕೆಲಸ. ನಮ್ಮಂಥವರಿಗೆ ಪಡೀಲು, ಫರಂಗಿಪೇಟೆ, ಬಿ.ಸಿ. ರೋಡು, ಪುಂಜಾಲಕಟ್ಟೆ, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ ಎಂದು ಸುಮಾರು 75 ಕಿಲೋಮೀಟರ್.

ಎರಡು ಸಲವೂ ಹೊರಡುವ ಹಿಂದಿನ ದಿನವನ್ನು ಊರು ಸುತ್ತಲು ಇಟ್ಟುಕೊಂಡಿದ್ದೆವು. ಹಳೆಯ ಮಂಗಳೂರನ್ನು ನೆನೆದು ಬರೆಯುವವರು ಹೆಚ್ಚಾಗಿ ಅಲ್ಲಿ ಮನೆ ಇದ್ದವರು; ಅವರ ನೆನಪಿನಲ್ಲಿ ಹಂಚಿನ ಮಾಡು, ಮಲ್ಲಿಗೆ, ಮಳೆ ಇರುತ್ತವೆ. ನಮಗೆ ಅಲ್ಲಿ ಮನೆಯೂ ಇರಲಿಲ್ಲ, ಮರುದಿನ ಹೊರಟುಹೋಗುವವರು. ಹಾಗಾಗಿ ನನ್ನ ಬಳಿ ಇರುವುದು ಕಾಲಿನ ಲೆಕ್ಕ: ಎಲ್ಲಿ ನೆರಳಿತ್ತು, ಎಲ್ಲಿ ನೀರು ಸಿಕ್ಕಿತು, ಯಾರು ಕೂರಿಸಿದರು, ಯಾರು ಕೂರಿಸಲಿಲ್ಲ. ಆ ಲೆಕ್ಕದಲ್ಲಿ ಹಳೆಯದಕ್ಕೆ ಪೂರ್ತಿ ಅಂಕ ಬೀಳುವುದಿಲ್ಲ, ಹೊಸದಕ್ಕೂ ಇಲ್ಲ.

*

1994ರಲ್ಲಿ ಹಾಸನದಿಂದ ಮಂಗಳೂರಿಗೆ ಮೀಟರ್‌ಗೇಜ್ ರೈಲು. 1979ರಲ್ಲಿ ಶುರುವಾದ ದಾರಿ. ರಾತ್ರಿ ಹತ್ತಿದರೆ ಸಕಲೇಶಪುರ ದಾಟಿ ಘಟ್ಟ ಇಳಿಯುವುದೆಲ್ಲ ಕತ್ತಲೆಯಲ್ಲಿ. ಒಂದರ ಹಿಂದೊಂದು ಸುರಂಗ ಬಂದದ್ದು ಕಣ್ಣಿಗಲ್ಲ, ಕಿವಿಗೆ ಗೊತ್ತಾಗುತ್ತಿತ್ತು. ಜನರಲ್ ಬೋಗಿಯಲ್ಲಿ ಬಾಗಿಲ ಬಳಿ ಪೇಪರ್ ಹಾಸಿಕೊಂಡು ಕೂತು ಬಂದೆವು. ಎರಡು ವರ್ಷದ ನಂತರ, 1996ರಲ್ಲಿ, ಬ್ರಾಡ್‌ಗೇಜ್ ಮಾಡಲೆಂದು ಆ ಹಳಿ ಮುಚ್ಚಿತು. ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ. ಒಂದು ತಲೆಮಾರಿನ ಕಾಲೇಜು ಹುಡುಗರು ಆ ರೈಲು ನೋಡದೆಯೇ ಓದು ಮುಗಿಸಿದರು.

2024ರಲ್ಲಿ ಹಗಲು ರೈಲಿನ ವಿಸ್ಟಾಡೋಮ್ ಬೋಗಿಯಲ್ಲಿ ಬಂದೆವು. 2021ರಿಂದ ಈ ದಾರಿಗೆ ಗಾಜಿನ ಮಾಡಿನ ಬೋಗಿ ಹಾಕಿದ್ದಾರೆ; ಘಟ್ಟ ಪೂರ್ತಿ ಕಾಣುತ್ತದೆ. ಮೂವತ್ತು ವರ್ಷದ ಹಿಂದೆ ಏನು ನೋಡದೆ ಬಂದಿದ್ದೆವು ಎಂದು ಅವತ್ತು ತಿಳಿಯಿತು. ರೈಲಿನ ವಿಷಯದಲ್ಲಿ ಹಳೆಯದರ ಪರ ವಾದ ಮಾಡಲು ನನ್ನ ಬಳಿ ಏನೂ ಇಲ್ಲ.

ಮೊದಲ ಸಲ ನಾವು ನಾಲ್ವರು, ಎಲ್ಲರೂ ಗಂಡಸರು. ಪುತ್ತೂರಿನವನು, ತಿಪಟೂರು ಕಡೆಯ ನಾನು, ಆಗಿನ್ನೂ ಬಿ.ಇಡಿ. ಓದುತ್ತಿದ್ದು ಈಗ ಹೈಸ್ಕೂಲು ಮುಖ್ಯೋಪಾಧ್ಯಾಯನಾಗಿ ನಿವೃತ್ತಿಗೆ ಕಾದಿರುವ ಮೇಷ್ಟ್ರು, ಮತ್ತೊಬ್ಬ ಅರಸೀಕೆರೆಯವನು. ಅರಸೀಕೆರೆಯವನು 2021ರಲ್ಲಿ ಕೋವಿಡ್ಡಿನ ಎರಡನೇ ಅಲೆಯಲ್ಲಿ ತೀರಿಕೊಂಡ. ಈ ಸಲ ಅವನ ಹೆಂಡತಿ ಬಂದಿದ್ದರು. ಆಸ್ಪತ್ರೆಯಲ್ಲಿ ನರ್ಸಾಗಿ ಕೆಲಸ ಮಾಡಿದವರು. ನಾವೆಲ್ಲ ಸಿಸ್ಟರ್ ಎಂದೇ ಕರೆಯುವುದು. ಜೊತೆಗೆ ಅವರ ತಂಗಿ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದ ಕಾಲದಲ್ಲಿ ನಡೆದು ಹೋಗುತ್ತೇವೆ ಎಂದದ್ದಕ್ಕೆ ಮನೆಯಲ್ಲಿ ನಕ್ಕರಂತೆ. ಸಿಸ್ಟರ್ ಹೇಳಿದ್ದು ಇಷ್ಟೇ: "ಆವಾಗ ನಡೀತೀನಿ ಅಂದಿದ್ರೆ ನಗ್ತಾ ಇರ್ಲಿಲ್ಲ, ಬಯ್ತಾ ಇದ್ರು. ನಗೋದೇ ವಾಸಿ."

*

1994ರಲ್ಲಿ ನಾವು ಇಳಿದುಕೊಂಡದ್ದು ಜೆಪ್ಪುವಿನಲ್ಲಿ, ಪುತ್ತೂರಿನವನ ಬಾಡಿಗೆ ಕೋಣೆಯಲ್ಲಿ. ಹಂಚಿನ ಮಾಡು, ಸಿಮೆಂಟಿನ ಕಪ್ಪು ನೆಲ, ಹಿತ್ತಲಲ್ಲಿ ಬಾವಿ. ಮಾರ್ಚಿನ ಸೆಕೆಗೆ ರಾತ್ರಿ ಹನ್ನೊಂದಾದರೂ ಬೆವರು ನಿಲ್ಲದು. ಬಯಲುಸೀಮೆಯ ನಮಗೆ ಬಿಸಿಲು ಗೊತ್ತಿತ್ತು, ನೆರಳಲ್ಲಿ ಕೂತರೂ ಬೆವರುವುದು ಗೊತ್ತಿರಲಿಲ್ಲ.

ಜೆಪ್ಪು ಹಂಚಿನ ಊರು. ಬಾಸೆಲ್ ಮಿಷನ್ನಿನವರು 1865ರಲ್ಲಿ ತಮ್ಮ ಮೊದಲ ಹಂಚಿನ ಕಾರ್ಖಾನೆ ತೆರೆದದ್ದು ಇಲ್ಲೇ. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಆವೆಮಣ್ಣು, ಘಟ್ಟದ ಬುಡದ ಕಾಡಿನ ಸೌದೆ, ಸಾಗಿಸಲು ಬಂದರು ಮೂರೂ ಕೈಗೆಟಕುವಷ್ಟು ಹತ್ತಿರವಿದ್ದದ್ದರಿಂದ ಆ ಉದ್ಯಮ ಬೆಳೆಯಿತು. ಮತಾಂತರವಾಗಿ ಜಾತಿಯ ಕಸುಬು ಕಳೆದುಕೊಂಡವರಿಗೆ ಕೆಲಸ ಕೊಡುವುದೂ ಮಿಷನ್ನಿನ ಉದ್ದೇಶವಾಗಿತ್ತು. ಮೊದಲ ಮಹಾಯುದ್ಧದಲ್ಲಿ ಶತ್ರುದೇಶದವರ ಸಂಬಂಧದ ಆಸ್ತಿ ಎಂದು ಬ್ರಿಟಿಷರು ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡು, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿಗೆ ಒಪ್ಪಿಸಿದರು.

ನಾವು ಹೋದಾಗ ಆ ಕಡೆ ಹೊಗೆಗೂಡುಗಳು ಇನ್ನೂ ನಿಂತಿದ್ದವು, ಕೆಲವು ಉರಿಯುತ್ತಲೂ ಇದ್ದವು. ಕಾರ್ಖಾನೆಯೊಂದರ ಗೇಟಿನ ಹೊರಗಿನಿಂದ ನೋಡಿದ್ದು ನೆನಪಿದೆ: ಹೆಂಗಸರು ಹಸಿ ಹಂಚುಗಳನ್ನು ಹೊತ್ತು ಒಣಗಿಸುವ ಅಟ್ಟಣಿಗೆಗೆ ಸಾಗಿಸುತ್ತಿದ್ದರು, ಮುಖಕ್ಕೆಲ್ಲ ಕೆಂಪು ಧೂಳು. ಈಗ ಆ ಹೊಗೆಗೂಡುಗಳ ಬಗ್ಗೆ ಮರುಗುವವರು ಆ ಧೂಳು ಯಾರ ಮೂಗಿಗೆ ಹೋಯಿತು ಎಂದು ಬರೆಯುವುದು ಕಡಿಮೆ. ಆರ್‌ಸಿಸಿ ತಾರಸಿ ಬಂತು, ಮಣ್ಣು ತೆಗೆಯುವುದು ಕಷ್ಟವಾಯಿತು, ಸೌದೆ ದುಬಾರಿಯಾಯಿತು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. 2024ರಲ್ಲಿ ಹೋದಾಗ ಪುತ್ತೂರಿನವನ ಹಳೆಯ ಕೋಣೆಯಿದ್ದ ಕಡೆ ಫ್ಲ್ಯಾಟುಗಳು. ಅವುಗಳ ನೆತ್ತಿಯ ಮೇಲೆ ಶೋಭೆಗಾಗಿ ಒಂದೆರಡು ಸಾಲು ಕೆಂಪು ಹಂಚು ಕೂರಿಸಿದ್ದರು, ಕೆಳಗೆ ಕಾಂಕ್ರೀಟು.

ಈ ಸಲ ಉಳಿದದ್ದು ಹಂಪನಕಟ್ಟೆಯ ಬಳಿಯ ಒಂದು ಲಾಡ್ಜಿನಲ್ಲಿ. ಫೋನಿನಲ್ಲೇ ಬುಕ್ ಮಾಡಿ, ಆಧಾರ್ ತೋರಿಸಿ, ಏಸಿ ಹಾಕಿಕೊಂಡು ಮಲಗಿದೆವು. ಹಂಚಿನ ಕೋಣೆಯ ಸೆಕೆಯನ್ನು ಮತ್ತೆ ಬಯಸುವಷ್ಟು ಭಾವುಕತೆ ಐವತ್ತು ದಾಟಿದ ಯಾರಲ್ಲೂ ಇರಲಿಲ್ಲ.

*

ಬೆಳಕು ಹರಿಯುವ ಮುನ್ನ ಬಂದರಿನ ಧಕ್ಕೆಗೆ ಹೋಗುವುದು ಎರಡು ಸಲವೂ ಪುತ್ತೂರಿನವನ ಹಟ. ಅವನ ವ್ರತ ಯಾವಾಗಲೂ ಮರುದಿನದಿಂದ ಶುರು; ಹಿಂದಿನ ದಿನ ಮಧ್ಯಾಹ್ನ ಬಂಗುಡೆ ಪುಳಿಮುಂಚಿ ಆಗಲೇಬೇಕು. ನಾವು ಊರಿನಿಂದ ಹೊರಟಾಗಲೇ ವ್ರತ ಹಿಡಿದವರು, ನೋಡಿ ವಾಸನೆ ಕುಡಿಯುವುದಷ್ಟೇ ನಮ್ಮ ಪಾಲು.

ಧಕ್ಕೆಯಲ್ಲಿ ಬದಲಾಗದ್ದು ಗಲಾಟೆ. ದೋಣಿಯಿಂದ ಬುಟ್ಟಿ ಬುಟ್ಟಿಯಾಗಿ ಬೂತಾಯಿ, ಬಂಗುಡೆ, ಕಾಣೆ, ಅಂಜಲ್ ಇಳಿಯುತ್ತಲೇ ಏಲಂ ಶುರು. ತುಳು, ಬ್ಯಾರಿ, ಕೊಂಕಣಿ, ಮಲಯಾಳದ ನಡುವೆ ನಮ್ಮ ಹಾಸನದ ಕನ್ನಡಕ್ಕೆ ಉತ್ತರ ಸಿಗುತ್ತಿದ್ದದ್ದು ಪುಸ್ತಕದ ಕನ್ನಡದಲ್ಲಿ. ಬದಲಾದದ್ದು ದೋಣಿಯ ಮೇಲಿರುವವರು. ಆಗ ಬಲೆ ಕೊಡವುತ್ತಿದ್ದವರು ಕರಾವಳಿಯವರೇ ಎಂದು ಮಾತಿನಲ್ಲೇ ಗೊತ್ತಾಗುತ್ತಿತ್ತು. ಈಗ ದೋಣಿಗಳಲ್ಲಿ ದುಡಿಯುವವರಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರು ಬಹಳ. ಜೂನ್ ಒಂದಕ್ಕೆ ಮೀನುಗಾರಿಕೆ ರಜೆ ಶುರುವಾದರೆ ಅವರು ರೈಲು ಹತ್ತುತ್ತಾರೆ, ಆಗಸ್ಟಿಗೆ ಮರಳುತ್ತಾರೆ. ಇಲ್ಲಿನವರ ಮಕ್ಕಳು ಓದಿದರು, ಗಲ್ಫಿಗೆ ಹೋದರು, ಬೆಂಗಳೂರಿಗೆ ಹೋದರು. ಕಷ್ಟದ ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬ ಬಡವನ ಕೈಗೆ ದಾಟಿದೆ, ಅಷ್ಟೇ.

ಬಂದರಿನಿಂದ ಫೆರಿ ಹತ್ತಿದರೆ ಬೆಂಗ್ರೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಉದ್ದಕ್ಕೂ ಮರಳಿನ ಪಟ್ಟಿ. ಅದರ ತುದಿಗೆ ನಡೆದರೆ ಅಳಿವೆ ಬಾಗಿಲು. ನೇತ್ರಾವತಿ, ಗುರುಪುರ ಎರಡೂ ಹೊಳೆಗಳು ಕಡಲು ಸೇರುವ ಜಾಗ. ಈ ಅಳಿವೆಯಲ್ಲಿ ಹೂಳು ಕಟ್ಟಿ ದೊಡ್ಡ ಹಡಗು ಒಳಬರಲಾಗದೆ ಹಳೆಯ ಬಂದರು ಸೊರಗಿತು. ಹಡಗುಗಳು ದೂರದಲ್ಲಿ ನಿಂತು ದೋಣಿಗಳಲ್ಲಿ ಸರಕು ಸಾಗಬೇಕಿತ್ತು. ಮಳೆಗಾಲದಲ್ಲಿ ಅದೂ ಇಲ್ಲ. 1974ರಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ತೆರೆದ ಮೇಲೆ ದೊಡ್ಡ ವ್ಯಾಪಾರ ಅತ್ತ ಹೋಯಿತು. ರಸಗೊಬ್ಬರ, ಕುದುರೆಮುಖದ ಅದಿರು, ಆಮೇಲೆ ತೈಲ ಶುದ್ಧೀಕರಣ ಎಲ್ಲ ಆ ಬಂದರನ್ನೇ ನಂಬಿ ಬಂದವು. ಹಳೆಯ ಬಂದರಿಗೆ ಉಳಿದದ್ದು ಮೀನು, ಲಕ್ಷದ್ವೀಪಕ್ಕೆ ಅಕ್ಕಿ-ತರಕಾರಿ-ಸಿಮೆಂಟು ಒಯ್ಯುವ ಮಂಜಿಗಳು.

ಅಳಿವೆಯ ಬಳಿ ನಿಂತಾಗ ನಮ್ಮ ನಡಿಗೆಯ ನಕ್ಷೆ ನಿಚ್ಚಳವಾಯಿತು. ನಾಳೆಯಿಂದ ಹೋಗುವುದು ಇದೇ ನೇತ್ರಾವತಿಯ ಎದುರು ದಿಕ್ಕಿಗೆ. ಬಿ.ಸಿ. ರೋಡಿನ ತನಕ ಹೊಳೆ ಬಲಗಡೆಯಲ್ಲೇ ಇರುತ್ತದೆ; ಆಮೇಲೆ ರಸ್ತೆ ಅದನ್ನು ಬಿಟ್ಟು ಬೆಳ್ತಂಗಡಿ ಸುತ್ತಿ ಹೋಗಿ, ಧರ್ಮಸ್ಥಳದ ಸ್ನಾನಘಟ್ಟದಲ್ಲಿ ಮತ್ತೆ ಅದರ ಎದುರು ನಿಲ್ಲಿಸುತ್ತದೆ.

*

ಮಂಗಳೂರಿನ ಪೇಟೆಯನ್ನು 1994ರಲ್ಲಿ ನಾವು ಪೂರ್ತಿ ನಡೆದೇ ನೋಡಿದೆವು. ಅದೇನು ಸಾಹಸವಲ್ಲ, ಎಲ್ಲರೂ ನಡೆಯುತ್ತಿದ್ದರು. ಬಂದರಿನಿಂದ ರಥಬೀದಿ, ಅಲ್ಲಿಂದ ಸೆಂಟ್ರಲ್ ಮಾರ್ಕೆಟ್, ಹಂಪನಕಟ್ಟೆ, ಜ್ಯೋತಿ. ಅಂಗಡಿಯವರು ಅಂಗಡಿ ಮುಂದೆ ನೆರಳಿಗೆ ನಿಂತವನನ್ನು ಏಳಿಸುತ್ತಿರಲಿಲ್ಲ. ಕೂರಲು ಜಗುಲಿ ಇತ್ತು, ಜಗುಲಿ ಇಲ್ಲದಲ್ಲಿ ಮೆಟ್ಟಿಲಿತ್ತು. ಇದನ್ನು ಆ ಕಾಲದ ಜನರ ಒಳ್ಳೆಯತನ ಎಂದು ಬರೆಯುವುದು ಸುಲಭ. ನನಗೆ ಹಾಗನಿಸುವುದಿಲ್ಲ. ಅಂಗಡಿಗೆ ಬರುವ ಗಿರಾಕಿಯೂ ನಡೆದೇ ಬರುತ್ತಿದ್ದ. ಜಗುಲಿ ಇದ್ದದ್ದು ಅವನಿಗಾಗಿ, ನಾವು ಅದರಲ್ಲಿ ಪಾಲು ಪಡೆದೆವು. ಎಲ್ಲರ ಕೈಯಲ್ಲೂ ಕಾಸು ಕಡಿಮೆಯಿದ್ದ ಕಾಲದ ಅನುಕೂಲ ಅದು.

ಈ ಸಲವೂ ಆಟೊ ಹತ್ತಬಾರದು ಎಂದು ಮಾತಾಡಿಕೊಂಡಿದ್ದೆವು. ಸ್ಮಾರ್ಟ್ ಸಿಟಿ ದುಡ್ಡಿನಲ್ಲಿ ಹಾಕಿದ ಫುಟ್‌ಪಾತು ಕೆಲವು ಕಡೆ ಚೆನ್ನಾಗಿಯೇ ಇದೆ. ಅಗಲ, ಚಪ್ಪಟೆ, ಇಂಟರ್‌ಲಾಕ್ ಕಲ್ಲು, ಕಣ್ಣು ಕಾಣದವರಿಗೆಂದು ಹಳದಿ ಪಟ್ಟಿ. ನೂರು ಮಾರು ಸೊಗಸಾಗಿ ಹೋಗಿ ಒಂದು ಕಾಂಪ್ಲೆಕ್ಸಿನ ಪಾರ್ಕಿಂಗ್ ಇಳಿಜಾರಿನಲ್ಲಿ ನಿಂತುಬಿಡುತ್ತದೆ, ಮುಂದೆ ರಸ್ತೆಗಿಳಿಯಬೇಕು. ಹಂಪನಕಟ್ಟೆಯಲ್ಲಿ ರಸ್ತೆ ದಾಟಲು ನಮ್ಮೈವರಿಗೆ ಹಿಡಿದ ಹೊತ್ತಿನಲ್ಲಿ ಒಂದು ಕಾಫಿ ಕುಡಿಯಬಹುದಿತ್ತು. ಅಲ್ಲೊಂದು ಗಡಿಯಾರ ಗೋಪುರ ಇದೆ. ಹಳೆಯ ಗೋಪುರವನ್ನು ವಾಹನಗಳಿಗೆ ಅಡ್ಡ ಎಂದು ಹಿಂದೆ ಕೆಡವಿದ್ದರು. ವಾಹನಗಳು ಎಷ್ಟೋ ಪಟ್ಟು ಹೆಚ್ಚಾದ ಮೇಲೆ, ಊರಿನ ಗುರುತು ಎಂದು ಅದೇ ಜಾಗದಲ್ಲಿ ಮತ್ತೆ ಕಟ್ಟಿಸಿದರು. ಗಡಿಯಾರ ನೋಡಲು ಯಾರೂ ತಲೆ ಎತ್ತುವುದಿಲ್ಲ. ಎಲ್ಲರ ಕೈಯಲ್ಲೂ ಫೋನಿದೆ. ಸೆಲ್ಫಿಗೆ ಬೇಕಾಗುತ್ತದೆ.

ಸೆಂಟ್ರಲ್ ಮಾರ್ಕೆಟ್ಟಿನ ಹಳೆಯ ಕಟ್ಟಡ ಇರಲಿಲ್ಲ. ಕೋವಿಡ್ ಕಾಲದಲ್ಲಿ ಮುಚ್ಚಿದ್ದು ಆಮೇಲೆ ಕೆಡವಿ ಹೊಸದು ಕಟ್ಟುತ್ತಿದ್ದರು. ಆ ಹಳೆಯ ಕಟ್ಟಡದೊಳಗೆ ಮಲ್ಲಿಗೆ ಅಟ್ಟೆ, ಮಟ್ಟುಗುಳ್ಳ, ನೇಂದ್ರ ಬಾಳೆಯ ಗೊನೆಗಳ ನಡುವೆ ಕೊಳೆತ ಸೊಪ್ಪು ತುಳಿಯದೆ ಹೆಜ್ಜೆ ಇಡಲಾಗುತ್ತಿರಲಿಲ್ಲ ಎಂಬುದೂ ನನಗೆ ನೆನಪಿದೆ.

ಪುತ್ತೂರಿನವನನ್ನು ಹೆಚ್ಚು ಕಾಡಿದ್ದು ಬ್ಯಾಂಕುಗಳ ಬೋರ್ಡು. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾಗಿದ್ದವು. 1906ರ ಕೆನರಾ, ಅದೇ ವರ್ಷದ ಕಾರ್ಪೊರೇಷನ್, 1925ರ ಸಿಂಡಿಕೇಟ್, 1931ರ ವಿಜಯಾ. 2019ರಲ್ಲಿ ವಿಜಯಾ, ಮರುವರ್ಷ ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ವಿಲೀನವಾಗಿ ಈಗ ಆ ಹೆಸರುಗಳಿಲ್ಲ. ಕೆನರಾ ಒಂದು ಉಳಿದಿದೆ. "ನನ್ನ ಪೆನ್ಶನ್ ಪುಸ್ತಕದಲ್ಲಿರುವ ಬ್ಯಾಂಕಿಗೆ ನಾನು ಒಂದು ದಿನ ಸಹ ಕೆಲಸ ಮಾಡ್ಲಿಲ್ಲ" ಎಂದ. ಬೇಸರದಿಂದಲೋ ತಮಾಷೆಗೋ ತಿಳಿಯಲಿಲ್ಲ. ಪೆನ್ಶನ್ ಮಾತ್ರ ತಿಂಗಳ ಕೊನೆಗೆ ತಪ್ಪದೆ ಬೀಳುತ್ತದೆ ಎಂದು ಅವನೇ ಸೇರಿಸಿದ.

*

ಸಂಜೆಗೆ ಕದ್ರಿ. ಗುಡ್ಡದ ಮಗ್ಗುಲಿಗೆ ದೇವಸ್ಥಾನ, ಹಿಂದುಗಡೆ ಗೋಮುಖದಿಂದ ಬೀಳುವ ತೊರೆ, ಅದರ ನೀರು ತುಂಬುವ ಕೆರೆಗಳು, ಇನ್ನೂ ಮೇಲೆ ಹತ್ತಿದರೆ ಜೋಗಿಮಠ. ದೇವಸ್ಥಾನದ ಒಳಗಿರುವ ಲೋಕೇಶ್ವರನ ಕಂಚಿನ ವಿಗ್ರಹಕ್ಕೆ ಮೂರು ಮುಖ, ಆರು ಕೈ. ಪೀಠದ ಶಾಸನದಲ್ಲಿರುವುದು ಅಳುಪ ದೊರೆ ಕುಂದವರ್ಮನ ಹೆಸರು, ಕಾಲ ಕ್ರಿ.ಶ. 968. ಅದು ಬೌದ್ಧರ ಅವಲೋಕಿತೇಶ್ವರ ಎಂದು ಹೇಳುವ ವಿದ್ವಾಂಸರಿದ್ದಾರೆ. ಬೌದ್ಧರು, ನಾಥಪಂಥದ ಜೋಗಿಗಳು, ಶೈವರು ಒಬ್ಬರ ಹಿಂದೊಬ್ಬರು ಬಳಸಿದ ಗುಡ್ಡ ಅದು. ಅಲ್ಲಿಂದ ಲಿಂಗ ಹೊರಟು ಸೇರಿದ ಧರ್ಮಸ್ಥಳದಲ್ಲಿ ಪೂಜೆ ಮಾಡುವವರು ವೈಷ್ಣವರು, ಆಡಳಿತ ಜೈನ ಹೆಗ್ಗಡೆಯವರದು. ಯಾವುದು ಯಾರದ್ದು ಎಂದು ಗೆರೆ ಎಳೆಯಲು ಹೋದವರಿಗೆ ಈ ದಾರಿಯ ಎರಡು ತುದಿಗಳೂ ಸಹಾಯ ಮಾಡುವುದಿಲ್ಲ.

ಜೋಗಿಮಠದ ವಿಷಯ ಕೇಳಿ ನಮ್ಮ 75 ಕಿಲೋಮೀಟರಿನ ಬಗ್ಗೆ ಮಾತಾಡುವುದನ್ನು ನಿಲ್ಲಿಸಿದೆವು. ಆ ಮಠದ ಅಧಿಪತಿಯನ್ನು ರಾಜ ಎನ್ನುತ್ತಾರೆ. ಹನ್ನೆರಡು ವರ್ಷಕ್ಕೊಮ್ಮೆ, ನಾಸಿಕದ ಕುಂಭಮೇಳದ ಸಂದರ್ಭದಲ್ಲಿ, ತ್ರ್ಯಂಬಕೇಶ್ವರದಿಂದ ನಾಥ ಜೋಗಿಗಳ ಝುಂಡಿ ಹೊರಟು ತಿಂಗಳುಗಟ್ಟಲೆ ನಡೆದು ಕದ್ರಿಗೆ ಬರುತ್ತದೆ. ಹೊಸ ರಾಜನಿಗೆ ಪಟ್ಟವಾಗುತ್ತದೆ. ಕಳೆದ ಸಲ ಹಾಗೆ ಬಂದದ್ದು 2016ರಲ್ಲಿ. ಚತುಷ್ಪಥ ಹೆದ್ದಾರಿಗಳ ಕಾಲದಲ್ಲೂ ಪಟ್ಟಕ್ಕೆ ನಡೆದೇ ಬರಬೇಕೆಂಬ ನಿಯಮ ಬದಲಾಗಿಲ್ಲ.

ಕೆರೆಯ ಮೆಟ್ಟಿಲ ಮೇಲೆ ಕೂತು ಸಿಸ್ಟರ್ ಎಲ್ಲರ ಪಾದ ಪರೀಕ್ಷೆ ಮಾಡಿದರು. ಉಗುರು ಕತ್ತರಿಸಿದ್ದೀರಾ, ಬೆರಳ ಸಂದಿಗೆ ವ್ಯಾಸಲೀನ್ ಹಚ್ಚಿ, ಕಾಟನ್ ಸಾಕ್ಸು ಎರಡು ಜೊತೆ, ಬೊಬ್ಬೆ ಎದ್ದರೆ ಒಡೆಯಬೇಡಿ. 1994ರಲ್ಲಿ ನಮ್ಮ ವೈದ್ಯ ಜ್ಞಾನ ಹರಳೆಣ್ಣೆಗೆ ಮುಗಿದಿತ್ತು. ಬೆಳ್ತಂಗಡಿ ಮುಟ್ಟುವ ಹೊತ್ತಿಗೆ ಅರಸೀಕೆರೆಯವನ ಹಿಮ್ಮಡಿ ಬಿರಿದು ರಕ್ತ ಬರುತ್ತಿತ್ತು. ಅದನ್ನೇ ಭಕ್ತಿ ಎಂದುಕೊಂಡು ನಡೆದ. "ಭಕ್ತಿ ಅಲ್ಲ, ಇನ್‌ಫೆಕ್ಷನ್" ಎಂದರು ಅವನ ಹೆಂಡತಿ, ಮೂವತ್ತು ವರ್ಷ ತಡವಾಗಿ.

*

ಮರುದಿನ ಕತ್ತಲಿರುವಾಗಲೇ ಹೊರಟು ಮಲ್ಲಿಕಟ್ಟೆ, ಕಂಕನಾಡಿ, ಪಂಪ್‌ವೆಲ್. ಹತ್ತು ವರ್ಷ ಎಳೆದು, ಊರೆಲ್ಲ ಆಡಿಕೊಂಡು ನಕ್ಕು, 2020ರ ಜನವರಿ ಕೊನೆಗೆ ತೆರೆದ ಮೇಲ್ಸೇತುವೆ ಅಲ್ಲಿದೆ. ಮೇಲೆ ವಾಹನ, ಕೆಳಗೆ ನಾವು. ಪಡೀಲಿನಿಂದ ಮುಂದೆ ಚತುಷ್ಪಥ. 1994ರಲ್ಲಿ ಅದು ಎರಡು ಲಾರಿ ಎದುರಾದರೆ ನಡೆಯುವವನು ಚರಂಡಿಗಿಳಿಯಬೇಕಾದ ರಸ್ತೆ, ಆದರೆ ಮರಗಳಿದ್ದವು. ಈಗ ಲಾರಿಗೆ ಬೇಕಾದಷ್ಟು ಜಾಗವಿದೆ, ಬದಿಯಲ್ಲಿ ನಮಗೂ ಇದೆ, ಮರವಿಲ್ಲ. ಒಂಬತ್ತು ಗಂಟೆಗೆಲ್ಲ ಡಾಂಬರಿನಿಂದ ಬಿಸಿ ಮುಖಕ್ಕೆ ಹೊಡೆಯುತ್ತದೆ. ಬ್ರಹ್ಮರಕೂಟ್ಲುವಿನ ಟೋಲ್‌ಗೇಟಿನಲ್ಲಿ ನಡೆಯುವವನಿಗೆ ಶುಲ್ಕವಿಲ್ಲ, ಗೇಟೂ ಇಲ್ಲ. ಕಾರುಗಳ ನಡುವೆ ನುಸುಳಿ ಹೋಗಬೇಕು.

ನೀರಿನ ಮಾತಿಗೆ ಬರುತ್ತೇನೆ. 1994ರಲ್ಲಿ ನಾವು ನೀರು ಕೊಂಡದ್ದಿಲ್ಲ. ಅಡ್ಯಾರಿನಿಂದ ಬಿ.ಸಿ. ರೋಡಿನವರೆಗೆ ರಸ್ತೆ ಪಕ್ಕದ ಯಾವ ಮನೆಯ ಮುಂದೆ ನಿಂತರೂ ಒಂದು ಚೊಂಬು ನೀರು, ಜೊತೆಗೆ ಬೆಲ್ಲದ ತುಂಡು. ಫರಂಗಿಪೇಟೆಯ ಒಂದು ಅಂಗಡಿಯಲ್ಲಿ ಸಾಬರು ಮಜ್ಜಿಗೆ ಮಾಡಿಸಿಕೊಟ್ಟು ದುಡ್ಡು ತೆಗೆದುಕೊಳ್ಳಲಿಲ್ಲ. ಈ ಸಂಗತಿಯನ್ನು ನಾನು ಎಷ್ಟೋ ವರ್ಷ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ; ಕರಾವಳಿಯವರ ಉಪಚಾರ ಅಂದರೆ ಹಾಗೆ, ಈಗೆಲ್ಲಿ ಎಂದು. 2024ರಲ್ಲಿ ಅದೇ ರಸ್ತೆಯಲ್ಲಿ ಮನೆಗಳಿಗೆ ಎತ್ತರದ ಕಾಂಪೌಂಡು, ಗೇಟಿಗೆ ಕ್ಯಾಮೆರಾ. ಬಾಟಲಿ ಇಪ್ಪತ್ತು ರೂಪಾಯಿ.

ಮೇಷ್ಟ್ರು ಆ ಬಾಟಲಿ ಎತ್ತಿ ಕುಡಿದು ಹೇಳಿದ: "ನಂಗಿದೇ ಸರಿ ಕಣ್ರಯ್ಯ. ಬೆಲ್ಲ ಕೊಟ್ಟ ಮನೇಲಿ ಮೊದಲು ಕೇಳಿದ್ದು ಯಾವ ಜನ ಅಂತ. ನೀವು ಮೂವರೂ ಹೇಳಿದ್ರಿ, ಜಗುಲಿ ಮೇಲೆ ಕೂತ್ರಿ. ನಾನು ಅಂಗಳದಲ್ಲಿ ನಿಂತು ಬೊಗಸೆ ಒಡ್ಡಿದೆ. ಅವರು ಮೇಲಿಂದ ಹುಯ್ದರು. ನಿಮ್ ನೆನಪಿನಲ್ಲಿ ಬೆಲ್ಲ ಇದೆ, ನನ್ ನೆನಪಿನಲ್ಲಿ ಹುಯ್ದಿದ್ದು ಇದೆ. ಈ ಅಂಗಡಿಯವನು ಇಪ್ಪತ್ತು ರೂಪಾಯಿ ಬಿಟ್ಟು ಏನೂ ಕೇಳ್ಲಿಲ್ಲ."

ಯಾರೂ ಮಾತಾಡಲಿಲ್ಲ. ಅವನೂ ಕೋಪದಲ್ಲಿ ಹೇಳಿದ್ದಲ್ಲ. ಮಕ್ಕಳಿಗೆ ಲೆಕ್ಕ ಬಿಡಿಸಿ ತೋರಿಸುವ ದನಿಯಲ್ಲೇ ಹೇಳಿ, ಬಾಟಲಿಯ ಮುಚ್ಚಳ ತಿರುಗಿಸಿ ಚೀಲಕ್ಕೆ ಹಾಕಿಕೊಂಡ. ಸಿಸ್ಟರಿಗೂ ಹೀಗೇ ಒಂದು ಲೆಕ್ಕವಿತ್ತು. ಆಗ ಗಂಡಸರು ಹೊಳೆ ಬದಿಗೆ ಹೋಗಿ ಬಂದರೆ ಮುಗಿಯಿತು. ಹೆಂಗಸೊಬ್ಬಳು ಆ ರಸ್ತೆಯಲ್ಲಿ ನಡೆದಿದ್ದರೆ ಎಲ್ಲಿಗೆ ಹೋಗಬೇಕಿತ್ತು? ಈಗ ಪೆಟ್ರೋಲ್ ಬಂಕಿನಲ್ಲಿ ಕೇಳಿದರೆ ಕೀಲಿಕೈ ಕೊಡುತ್ತಾರೆ. ಎಲ್ಲ ಕಡೆ ಚೊಕ್ಕಟವಾಗಿರುವುದಿಲ್ಲ, ಆದರೆ ಇರುತ್ತದೆ. ನೆರಳು ಹೋಗಿ ಶೌಚಾಲಯ ಬಂತು, ಬೆಲ್ಲ ಹೋಗಿ ಬಾಟಲಿ ಬಂತು. ಯಾವುದು ಲಾಭ ಎಂಬುದು 1994ರಲ್ಲಿ ನೀವು ಜಗುಲಿಯ ಮೇಲಿದ್ದಿರೋ ಅಂಗಳದಲ್ಲಿದ್ದಿರೋ ಎಂಬುದರ ಮೇಲಿದೆ.

ತುಂಬೆಯ ಹತ್ತಿರ ಮಾತು ಜೋರಾಯಿತು. ಮಂಗಳೂರು ಕುಡಿಯುವ ನೀರು ತುಂಬೆಯ ಕಿಂಡಿ ಅಣೆಕಟ್ಟಿನದು. 2019ರ ಬೇಸಿಗೆಯಲ್ಲಿ ನೇತ್ರಾವತಿ ಸೊರಗಿ ಮಂಗಳೂರಿಗೆ ಸರದಿಯ ಮೇಲೆ ನೀರು ಬಿಟ್ಟರು. ಅದೇ ಮೇ ತಿಂಗಳಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿಗಳು ನೀರಿಲ್ಲ, ಸದ್ಯಕ್ಕೆ ಯಾತ್ರೆ ಮುಂದೂಡಿ ಎಂದು ಭಕ್ತರನ್ನು ಕೇಳಿಕೊಂಡರು. ಕೆಳಗಿನ ಊರು, ಮೇಲಿನ ಕ್ಷೇತ್ರ ಎರಡೂ ಒಂದೇ ಹೊಳೆ ನಂಬಿದ್ದು ಅವತ್ತು ಎಲ್ಲರಿಗೂ ಕಂಡಿತು. ಈ ಹೊಳೆಯ ತಲೆಯಲ್ಲಿ, ಸಕಲೇಶಪುರದ ಕಡೆ, ಎತ್ತಿನಹೊಳೆ ಯೋಜನೆ. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ಮಳೆಗಾಲದ 24 ಟಿಎಂಸಿ ನೀರನ್ನು ಪೂರ್ವಕ್ಕೆ ತಿರುಗಿಸಿ ಹಾಸನ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಗೆ ಕೊಡುವ ಲೆಕ್ಕ. ಪುತ್ತೂರಿನವನು ಅದರ ವಿರುದ್ಧದ ಮೆರವಣಿಗೆಗಳಲ್ಲಿ ನಡೆದವನು. ನಾನು ತಿಪಟೂರು ಕಡೆಯವನು; ನಮ್ಮಲ್ಲಿ ಸಾವಿರ ಅಡಿ ಕೊರೆದರೂ ಬೋರಿನಲ್ಲಿ ಧೂಳು ಬರುತ್ತದೆ, ತೆಂಗು ಸುಳಿ ಒಣಗಿ ನಿಲ್ಲುತ್ತದೆ.

"ಅಲ್ಲಿ ಅಷ್ಟು ನೀರೇ ಇಲ್ಲ ಮಾರಾಯ. ನಿಮಗೂ ಸಿಕ್ಕುವುದಿಲ್ಲ, ನಮಗೂ ಉಳಿಯುವುದಿಲ್ಲ. ಸಿಕ್ಕುವುದು ಗುತ್ತಿಗೆದಾರನಿಗೆ" ಎಂದ ಪುತ್ತೂರಿನವನು.

"ಸಮುದ್ರಕ್ಕೆ ಹೋಗೋ ನೀರಲ್ವೇನಯ್ಯ" ಎಂದೆ ನಾನು.

"ನಿನ್ನೆ ಅಳಿವೆಯಲ್ಲಿ ಮೀನು ನೋಡಿದೆಯಲ್ಲ, ಅದು ಹೊಳೆ ನೀರು ಕಡಲಿಗೆ ಬರುವ ಕಾರಣಕ್ಕೇ ಉಂಟು."

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ನನ್ನ ತೆಂಗಿನ ತೋಟಕ್ಕೆ ಅವನ ಬಳಿಯೂ ಇರಲಿಲ್ಲ. ಮೂವತ್ತು ವರ್ಷದ ಹಿಂದೆ ಇದೇ ಜಾಗದಲ್ಲಿ ಹೊಳೆಗಿಳಿದು ಮಿಂದಿದ್ದೆವು. ಆಗ ನೀರು ಯಾರದ್ದು ಎಂಬ ಜಗಳವೇ ನಮ್ಮ ನಡುವೆ ಇರಲಿಲ್ಲ ಎಂದೆ. ಮೇಷ್ಟ್ರು ನಕ್ಕ. "ಜಗಳ ಇತ್ತು ಕಣಯ್ಯ. ಚೊಂಬು ಯಾರದ್ದು, ಬೊಗಸೆ ಯಾರದ್ದು ಅಂತ ಅವತ್ತೇ ತೀರ್ಮಾನ ಆಗೋಗಿತ್ತು, ಅದಕ್ಕೆ ನಿಮಗೆ ಕೇಳಿಸಲಿಲ್ಲ. ಈಗ ಇಲಾಖೆ ಇದೆ, ಕೋರ್ಟಿದೆ, ನೀನೊಂದು ಅರ್ಜಿ ಹಾಕು, ಅವನೊಂದು ಹಾಕಲಿ. ಜಗುಲಿಗೆ ಅರ್ಜಿ ಹಾಕೋಕೆ ಆಗ್ತಿರ್ಲಿಲ್ಲ."